ಜೋಳದ ದಂಟಿನ ಚಕ್ಕಡಿ ಮತ್ತು ರಿಮೋಟಿನ ಬುಲ್ಡೋಜರ್



ಈ ಸಲ ಒಂದು ಆಟದ ಸಾಮಾನಿನ ಚರಿತ್ರೆ ಹೇಳಲು ಹೊರಟಿದ್ದೇವೆ. ಪುಟ್ಟ ಪುಟ್ಟ ಪ್ಲಾಸ್ಟಿಕ್ ಇಟ್ಟಿಗೆಗಳನ್ನು ಒಂದಕ್ಕೊಂದು ಒತ್ತಿ ಕೂಡಿಸಿ ಗಾಡಿ ಕಟ್ಟುವುದು, ಅದಕ್ಕೆ ಮೋಟರು, ಬ್ಯಾಟರಿ ಜೋಡಿಸುವುದು, ದೂರ ಕುಳಿತು ರಿಮೋಟಿನಿಂದ ಓಡಿಸುವುದು. ಎಷ್ಟೋ ದೇಶಗಳಲ್ಲಿ ಮಕ್ಕಳಷ್ಟೇ ಅಲ್ಲ, ತಲೆ ನರೆತವರೂ ಈ ಹವ್ಯಾಸಕ್ಕೆ ಬಿದ್ದಿದ್ದಾರೆ. ನಮ್ಮ ವೆರ್ಣಾ ಕಡೆ ಪಾಲಕರ ಮುಂದೆ ಇದರ ಮಾತು ತೆಗೆದರೆ ಬರುವ ಉತ್ತರ ಒಂದೇ: "ಅದೆಲ್ಲಾ ಇಂಗ್ಲಿಷ್ ಮೀಡಿಯಂ ಹುಡುಗರ ಆಟ ಬಿಡ್ರಿ ಸರ್, ನಮ್ಮ ಹುಡುಗರಿಗೆ ಎಲ್ಲಿ ತಿಳೀತದ?" ಹೀಗೆ ಅಂದವರಲ್ಲಿ ಕೆಲವರು ಮುಂದಿನ ಜೂನ್‌ನಲ್ಲಿ ಮಗುವಿನ ಟಿ.ಸಿ. ಕೇಳಿಕೊಂಡು ಬರುತ್ತಾರೆ. ಆದ್ದರಿಂದ ಈ ಆಟ ಎಲ್ಲಿ ಹುಟ್ಟಿತು, ಇದಕ್ಕೆ ಎಂಥ ತಿಳಿವಳಿಕೆ ಬೇಕು ಎಂದು ಸ್ವಲ್ಪ ನಿಧಾನವಾಗಿಯೇ ನೋಡೋಣ.

ಮೊದಲು ನಮ್ಮ ಮಕ್ಕಳ ಕೈಗುಣದ ಮಾತು. ವೆರ್ಣಾದ ಕೈಗಾರಿಕಾ ವಸಾಹತಿಗೆ, ಝುವಾರಿನಗರಕ್ಕೆ, ವಾಸ್ಕೋಗೆ ದುಡಿಯಲು ಬಂದ ಕನ್ನಡಿಗರಲ್ಲಿ ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳದ ಕಡೆಯವರು ಬಹಳ. ರಜೆಗೆ ಊರಿಗೆ ಹೋದ ಹುಡುಗರು ಬಣವಿಯಿಂದ ಜೋಳದ ದಂಟು ಎಳೆದು ಚಕ್ಕಡಿ ಕಟ್ಟುವುದನ್ನು ನೀವೂ ನೋಡಿದ್ದೀರಿ. ಮೇಲಿನ ಸಿಬಿರು ಸುಲಿದು, ಒಳಗಿನ ಬೆಂಡು ತುಂಡು ಮಾಡಿ, ಬೆಂಡಿಗೆ ಸಿಬಿರು ಚುಚ್ಚಿದರೆ ಮುಗಿಯಿತು. ನೊಗ, ಅಚ್ಚು, ಗಾಲಿ ಎಲ್ಲ ಅದರಲ್ಲೇ. ಮೊಳೆ ಬೇಡ, ಅಂಟು ಬೇಡ. ಬೇಸರವಾದರೆ ಬಿಚ್ಚಿ ಅದೇ ತುಂಡುಗಳಿಂದ ಕನ್ನಡಕ ಮಾಡಿ ಮೂಗಿಗೇರಿಸಬಹುದು! ಇದಕ್ಕಿರುವ ಕೊರತೆ ಎರಡು. ನಾಲ್ಕು ಸಲ ಚುಚ್ಚಿದರೆ ತೂತು ಸಡಿಲವಾಗುತ್ತದೆ. ಒಂದು ದಂಟಿನ ಹಾಗೆ ಇನ್ನೊಂದು ಇರುವುದಿಲ್ಲ. ಈ ಎರಡು ಕೊರತೆ ನೀಗಿಸಿದ್ದೇ ಪ್ಲಾಸ್ಟಿಕ್ ಇಟ್ಟಿಗೆಯ ಹೆಚ್ಚುಗಾರಿಕೆ ಎನ್ನಬಹುದು.

ಅದನ್ನು ಮಾಡಿದ್ದು ದೊಡ್ಡ ಎಂಜಿನಿಯರನೇನಲ್ಲ, ಒಬ್ಬ ಬಡಗಿಯ ಮನೆತನ. ಡೆನ್ಮಾರ್ಕ್ ದೇಶದ ಬಿಲುಂಡ್ ಎಂಬ ಸಣ್ಣ ಊರಿನಲ್ಲಿ ಓಲೆ ಕಿರ್ಕ್ ಕ್ರಿಸ್ಟಿಯಾನ್ಸನ್ ಎಂಬ ಬಡಗಿ ಇದ್ದ. ಜಗತ್ತಿನ ಆರ್ಥಿಕ ಮುಗ್ಗಟ್ಟಿನ ಕಾಲ. ಮನೆ ಕಟ್ಟಿಸುವವರಿಲ್ಲ, ಕೈಗೆ ಕೆಲಸವಿಲ್ಲ. 1932ರಲ್ಲಿ ಆತ ಕಟ್ಟಿಗೆಯ ಆಟಿಕೆ ಕೆತ್ತತೊಡಗಿದ. 1934ರಲ್ಲಿ "ಚೆನ್ನಾಗಿ ಆಡು" ಎಂಬರ್ಥದ ಡ್ಯಾನಿಶ್ ಮಾತನ್ನು ಮೊಟಕು ಮಾಡಿ ಲೆಗೋ ಎಂದು ಹೆಸರಿಟ್ಟ. ಮಹಾಯುದ್ಧ ಮುಗಿದ ಮೇಲೆ ಪ್ಲಾಸ್ಟಿಕ್ ಅಚ್ಚು ಹೊಯ್ಯುವ ಯಂತ್ರ ತರಿಸಿ 1949ರಲ್ಲಿ ಮೊದಲ ಇಟ್ಟಿಗೆಗಳನ್ನು ಮಾರಾಟಕ್ಕಿಟ್ಟರು. ಇದು ಪೂರ್ತಿ ಅವರದೇ ಕಲ್ಪನೆಯಲ್ಲ. ಇಂಗ್ಲೆಂಡಿನ ಹಿಲರಿ ಫಿಶರ್ ಪೇಜ್ ಎಂಬಾತ ಅದಕ್ಕೆ ಮೊದಲೇ ಕಿಡಿಕ್ರಾಫ್ಟ್ ಹೆಸರಿನಲ್ಲಿ ಇಂಥ ಇಟ್ಟಿಗೆ ಮಾಡಿದ್ದ, ಅದನ್ನು ನೋಡಿಯೇ ಇವರು ಮಾಡಿದರು.

ಆ ಮೊದಲ ಇಟ್ಟಿಗೆಗಳ ಕೆಳಗೆ ಪೊಳ್ಳು. ಮೇಲೆ ಗುಬಟುಗಳಿದ್ದರೂ ಹಿಡಿತ ಸಾಲದು, ಎತ್ತಿದರೆ ಬಿಚ್ಚಿಕೊಳ್ಳುತ್ತಿದ್ದವು. ಪೊಳ್ಳಿನೊಳಗೆ ಕೊಳವೆಗಳನ್ನಿಟ್ಟರೆ ಕೆಳಗಿನ ಇಟ್ಟಿಗೆಯ ಗುಬಟುಗಳನ್ನು ಕೊಳವೆಯೂ ಗೋಡೆಯೂ ಸೇರಿ ಕಚ್ಚಿ ಹಿಡಿಯುತ್ತವೆ. ಈ ಉಪಾಯಕ್ಕೆ ಪೇಟೆಂಟ್ ಅರ್ಜಿ ಹಾಕಿದ್ದು 1958ರ ಜನವರಿ 28ರಂದು. ಅದೇ ವರ್ಷ ಮಾರ್ಚಿಯಲ್ಲಿ ಓಲೆ ಕಿರ್ಕ್ ತೀರಿಕೊಂಡ. ಮುಂದೆ ನಡೆಸಿದವನು ಮಗ ಗೋಟ್‌ಫ್ರೆಡ್. ಗುಬಟಿನಿಂದ ಗುಬಟಿಗೆ 8 ಮಿಲಿಮೀಟರ್, ಇಟ್ಟಿಗೆಯ ಎತ್ತರ 9.6 ಮಿಲಿಮೀಟರ್. ಈ ಅಳತೆ ಬದಲಾಗಿಲ್ಲ. 1958ರ ಇಟ್ಟಿಗೆ ಇಂದಿನ ಇಟ್ಟಿಗೆಯ ಮೇಲೆ ಸರಿಯಾಗಿ ಕೂಡುತ್ತದೆ. 1960ರಲ್ಲಿ ಕಟ್ಟಿಗೆ ಆಟಿಕೆಗಳ ಉಗ್ರಾಣ ಸುಟ್ಟುಹೋದಾಗ ಕಟ್ಟಿಗೆಯ ಕೆಲಸವನ್ನೇ ಬಿಟ್ಟು ಪ್ಲಾಸ್ಟಿಕ್ ಒಂದನ್ನೇ ಹಿಡಿದರು.

ಇಟ್ಟಿಗೆ ಮನೆಯಾಯಿತು, ಗಾಡಿಯಾಗುವುದು ಯಾವಾಗ? ಗಾಲಿ ಬಂದದ್ದು 1962ರಲ್ಲಿ. 1966ರಲ್ಲಿ 4.5 ವೋಲ್ಟಿನ ಮೋಟರು ಇರುವ ರೈಲು ಬಂತು. ಅದಾಗಿ ಎರಡು ವರ್ಷಕ್ಕೆ ಒಂದು ತಮಾಷೆಯ ರೈಲು ಬಂತು, ಸೀಟಿ ಊದಿದರೆ ನಿಲ್ಲುವ, ಮತ್ತೆ ಊದಿದರೆ ಹೊರಡುವ ರೈಲು! ಈ ಇಟ್ಟಿಗೆ ಗಾಡಿಗಳ ಮೊದಲ ರಿಮೋಟು ಆ ಸೀಟಿಯೇ ಎಂದು ನಾವು ಮಕ್ಕಳಿಗೆ ಹೇಳುತ್ತೇವೆ. ಪಿ.ಟಿ. ಪೀರಿಯಡ್ಡಿನಲ್ಲಿ ಸೀಟಿಗೆ ಓಡುವ, ಸೀಟಿಗೆ ನಿಲ್ಲುವ ನಮ್ಮ ಹುಡುಗರಿಗೆ ಇದು ಕೂಡಲೇ ಅರ್ಥವಾಗುತ್ತದೆ.

ತಂತಿಯಿಲ್ಲದೆ ದೂರದಿಂದ ಕೆಲಸ ಮಾಡಿಸುವ ವಿದ್ಯೆ ಇದಕ್ಕಿಂತ ಬಹಳ ಹಳೆಯದು. 1895ರಲ್ಲಿ ಕೋಲ್ಕತ್ತದಲ್ಲಿ ಜಗದೀಶಚಂದ್ರ ಬೋಸರು ಗೋಡೆಯಾಚೆಯಿಂದ ಅಲೆ ಕಳಿಸಿ ಗಂಟೆ ಬಾರಿಸಿ, ಮದ್ದಿನ ಪುಡಿ ಸಿಡಿಸಿ ತೋರಿಸಿದರು. 1898ರಲ್ಲಿ ನ್ಯೂಯಾರ್ಕಿನಲ್ಲಿ ನಿಕೋಲಾ ಟೆಸ್ಲಾ ನೀರಿನ ತೊಟ್ಟಿಯಲ್ಲಿ ಪುಟ್ಟ ದೋಣಿಯನ್ನು ರೇಡಿಯೋ ಅಲೆಗಳಿಂದ ತಿರುಗಿಸಿದ. ನೋಡಿದವರು ಮಂತ್ರವೋ ಮಾಟವೋ ಎಂದು ಬೆರಗಾದರಂತೆ. ರಿಮೋಟಿನ ಚರಿತ್ರೆಯಲ್ಲಿ ನಮ್ಮ ದೇಶದ ಹೆಸರು ಮೊದಲ ಪುಟದಲ್ಲೇ ಇದೆ, ಇದನ್ನು ವಿಜ್ಞಾನ ಶಿಕ್ಷಕರು ತರಗತಿಯಲ್ಲಿ ಬಿಡದೆ ಹೇಳಬೇಕು.

ಇಟ್ಟಿಗೆಯ ಕಡೆಗೆ ಮರಳೋಣ. ಹವ್ಯಾಸಿಗಳಿಗೆ ನಿಜವಾದ ಹಬ್ಬ 1977ರಲ್ಲಿ. ಮುಂದೆ ಟೆಕ್ನಿಕ್ ಎಂದು ಹೆಸರಾದ ಸರಣಿ ಆ ವರ್ಷ ಶುರುವಾಯಿತು. ತೂತುಗಳಿರುವ ತೊಲೆ, ಅಚ್ಚು, ಹಲ್ಲಿನ ಗಾಲಿ ಎಲ್ಲ ಅದರಲ್ಲಿ ಬಂದವು. ಸ್ಟೇರಿಂಗ್ ತಿರುಗಿಸಿದರೆ ಗಾಲಿ ತಿರುಗುವ, ಉರುಳಿಸಿದರೆ ಎಂಜಿನ್ನಿನ ಪಿಸ್ಟನ್ ಮೇಲೆ ಕೆಳಗೆ ಆಡುವ ಕಾರಿನ ಚಾಸಿ ಆ ವರ್ಷವೇ ಬಂತು. ಇಲ್ಲಿಂದ ಆಟ ಬರೀ ಆಕಾರದ್ದಲ್ಲ, ಯಂತ್ರದ್ದು.

ಹಲ್ಲಿನ ಗಾಲಿಯ ಲೆಕ್ಕ ಸ್ವಲ್ಪ ಬಿಡಿಸಿ ಹೇಳುತ್ತೇವೆ, ಏಕೆಂದರೆ ಈ ಹವ್ಯಾಸದ ಜೀವಾಳವೇ ಅದು. ಮೋಟರಿನ ಅಚ್ಚಿಗೆ 8 ಹಲ್ಲಿನ ಸಣ್ಣ ಗಾಲಿ, ಗಾಡಿಯ ಅಚ್ಚಿಗೆ 24 ಹಲ್ಲಿನ ದೊಡ್ಡ ಗಾಲಿ ಹಾಕಿ. ಸಣ್ಣದು ಮೂರು ಸುತ್ತು ಸುತ್ತಿದರೆ ದೊಡ್ಡದು ಒಂದು ಸುತ್ತು. ವೇಗ ಮೂರನೇ ಒಂದು ಪಾಲಿಗೆ ಇಳಿಯಿತು, ತಿಕ್ಕಾಟದಲ್ಲಿ ಹೋಗುವುದನ್ನು ಬಿಟ್ಟರೆ ಎಳೆಯುವ ಬಲ ಸುಮಾರು ಮೂರು ಪಟ್ಟಾಯಿತು. ನಮ್ಮ ಮಕ್ಕಳಲ್ಲಿ ಎಷ್ಟೋ ಜನರ ಅಪ್ಪ, ಕಾಕಾ, ಮಾವಂದಿರು ಲಾರಿ ಡ್ರೈವರುಗಳು. ಮಾಲು ತುಂಬಿದ ಲಾರಿ ಅನಮೋಡ ಘಾಟಿ ಹತ್ತುವಾಗ ಯಾಕೆ ಮೊದಲ ಗೇರಿನಲ್ಲಿ ಗೊಂಯ್‌ಗುಡುತ್ತಾ ಹೋಗುತ್ತದೆ ಎಂಬುದನ್ನು ಅವರು ಕ್ಯಾಬಿನ್ನಿನಲ್ಲಿ ಕುಳಿತೇ ಕಂಡವರು. ಪುಸ್ತಕದಲ್ಲಿ ದಂತಚಕ್ರ, ಗ್ಯಾರೇಜಿನಲ್ಲಿ ಗೇರು, ಹುಡುಗರ ಬಾಯಲ್ಲಿ ಹಲ್ಲಿನ ಗಾಲಿ. ಮೂರೂ ಒಂದೇ ಎಂದು ಒಮ್ಮೆ ಹೇಳಿಕೊಟ್ಟರೆ ಸಾಕು.

ಚಕ್ಕಡಿಯದೂ ಹೀಗೇ. ಚಕ್ಕಡಿಯ ಎರಡು ಗಾಲಿಗಳು ಅಚ್ಚಿನ ಮೇಲೆ ತಮ್ಮ ಪಾಡಿಗೆ ತಿರುಗುತ್ತವೆ. ಹಾಗಾಗಿ ತಿರುವಿನಲ್ಲಿ ಹೊರಗಿನ ಗಾಲಿ ಹೆಚ್ಚು ಸುತ್ತು ಹಾಕಿದರೂ ತೊಂದರೆಯಿಲ್ಲ. ಮೋಟರಿನ ಗಾಡಿಯಲ್ಲಿ ಎರಡೂ ಗಾಲಿಗಳನ್ನು ಒಂದೇ ಅಚ್ಚಿಗೆ ಬಿಗಿದರೆ ತಿರುವಿನಲ್ಲಿ ಒಂದು ಗಾಲಿ ನೆಲಕ್ಕೆ ಉಜ್ಜುತ್ತದೆ. ಇದನ್ನು ಬಗೆಹರಿಸಲಿಕ್ಕೇ ಡಿಫರೆನ್ಷಿಯಲ್ ಇರುವುದು.

2007ರಲ್ಲಿ ಕಂಪನಿ ಟಿ.ವಿ. ರಿಮೋಟಿನ ಹಾಗೆ ಕಣ್ಣಿಗೆ ಕಾಣದ ಅವಕೆಂಪು ಬೆಳಕಿನಿಂದ ನಡೆಯುವ ಮೋಟರುಗಳನ್ನು ತಂದಿತು. ಹೆಸರು ಪವರ್ ಫಂಕ್ಷನ್ಸ್. ನಾಲ್ಕು ಚಾನೆಲ್, ಪ್ರತಿ ಚಾನೆಲ್ಲಿಗೆ ಎರಡು ಸಾಲು. ಅದೇ ವರ್ಷ 1,384 ತುಂಡುಗಳ ಬುಲ್ಡೋಜರ್ ಬಂತು. ಅದರ ಎರಡು ಬದಿಯ ಪಟ್ಟಿಗಳಿಗೆ ಬೇರೆ ಬೇರೆ ಮೋಟರು. ಒಂದು ಪಟ್ಟಿ ನಿಲ್ಲಿಸಿ ಇನ್ನೊಂದು ಓಡಿಸಿದರೆ ಗಾಡಿ ತಿರುಗುತ್ತದೆ. ಒಳಗಿನ ಎತ್ತನ್ನು ತಡೆದು ಹೊರಗಿನ ಎತ್ತನ್ನು ನಡೆಸಿ ಕುಂಟೆ ಹೊರಳಿಸುವುದನ್ನು ನೋಡಿದ ಹುಡುಗನಿಗೆ ಇದರಲ್ಲಿ ಹೊಸದೇನಿದೆ ಹೇಳಿ! ಅವಕೆಂಪಿನ ದೋಷವೆಂದರೆ ಬಿಸಿಲಿನಲ್ಲಿ ಸರಿಯಾಗಿ ನಡೆಯದು, ನಡುವೆ ಏನಾದರೂ ಅಡ್ಡ ಬಂದರೂ ತಡೆಯುತ್ತದೆ. ಹವ್ಯಾಸಿಗಳು ಸುಮ್ಮನಿರುತ್ತಾರೆಯೇ? 2014ರಲ್ಲಿ ಹಂಗೇರಿಯ ಒಂದು ತಂಡ ಜನರಿಂದಲೇ ಹಣ ಕೂಡಿಸಿ ಎಸ್‌ಬ್ರಿಕ್ ಎಂಬ ಬ್ಲೂಟೂತ್ ಇಟ್ಟಿಗೆ ಮಾಡಿತು. ಅಷ್ಟರಲ್ಲಿ ಪೋಲೆಂಡಿನ ಪಾವೆಲ್ ಕ್ಮಿಯೆಚ್ ಎಂಬ ಹವ್ಯಾಸಿ ಇಂಥ ಗಾಡಿ ಕಟ್ಟುವ ಕ್ರಮದ ಮೇಲೆ 2012ರಲ್ಲಿ ಪುಸ್ತಕವನ್ನೇ ಬರೆದಿದ್ದ.

2019ರಲ್ಲಿ ಗಣಿಯಲ್ಲಿ ಕೆಲಸ ಮಾಡುವ ಲೀಬ್‌ಹೆರ್ ಯಂತ್ರದ ಮಾದರಿ ಬಂತು. 4,108 ತುಂಡು, 7 ಮೋಟರು, ಅಮೆರಿಕದಲ್ಲಿ ಬೆಲೆ ಸುಮಾರು 450 ಡಾಲರ್! ಗೋವಾದ ಗಣಿಗಳಲ್ಲಿ ಇದರ ಚಿಕ್ಕಪ್ಪಂದಿರನ್ನು ನಮ್ಮವರೇ ನಡೆಸಿದ್ದಾರೆ, ಮಕ್ಕಳಿಗೆ ಮಾತ್ರ ಈ ಆಟಿಕೆ ಮುಟ್ಟಲೂ ಆಗದು. ಇದಕ್ಕೆ ಕೈಯ ರಿಮೋಟೂ ಇಲ್ಲ, ಮೊಬೈಲಿನಲ್ಲಿ ಆ್ಯಪ್ ಹಾಕಿಕೊಂಡು ನಡೆಸಬೇಕು. ನಮಗೇನೋ ಇದು ಹಿಂದಿಟ್ಟ ಹೆಜ್ಜೆಯಂತೆ ಕಾಣುತ್ತದೆ. ಹಳೆಯ ಎರಡು ಸನ್ನೆಯ ರಿಮೋಟು ಬ್ಯಾಟರಿ ಹಾಕಿದರೆ ಇಂದಿಗೂ ನಡೆಯುತ್ತದೆ. ಆ್ಯಪ್ ನಿಂತರೆ ಗಾಡಿಯೂ ನಿಂತಿತು. ಮನೆಗೆ ಒಂದೇ ಮೊಬೈಲು, ಅದೂ ಅಪ್ಪನ ಜೊತೆ ಕಾರ್ಖಾನೆಗೆ ಹೋಗುವಂಥ ಮನೆಗಳು ನಮ್ಮಲ್ಲಿ ಎಷ್ಟಿಲ್ಲ?

ಹಾಗಾದರೆ ನಮ್ಮ ಮಕ್ಕಳಿಗೂ ಈ ಆಟಕ್ಕೂ ನಡುವೆ ನಿಂತಿರುವುದು ಮಾಧ್ಯಮವಲ್ಲ, ಬೆಲೆ. ನಮ್ಮ ಸರಕಾರ ಆಮದು ಆಟಿಕೆಗಳ ಸುಂಕವನ್ನು 2020ರಲ್ಲಿ ಶೇ. 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿಸಿತು. ದೇಶದ ಆಟಿಕೆ ಉದ್ಯಮಕ್ಕೆ ಅದು ಒಳ್ಳೆಯದೇ ಇರಬಹುದು, ಹೊರಗಿನ ಡಬ್ಬಿ ಮಾತ್ರ ಇನ್ನಷ್ಟು ದೂರ ಹೋಯಿತು. ಆದರೆ ಒಂದು ಸಂಗತಿ ಬಹಳ ಜನಕ್ಕೆ ಗೊತ್ತಿಲ್ಲ. ಮೂಲ ಇಟ್ಟಿಗೆಯ ಪೇಟೆಂಟ್ ಮುಗಿದು ಎಷ್ಟೋ ವರ್ಷಗಳಾದವು. ಇಟ್ಟಿಗೆಯ ಆಕಾರವೇ ತನ್ನ ಟ್ರೇಡ್‌ಮಾರ್ಕ್ ಎಂದು ಕಂಪನಿ ಹೂಡಿದ ವಾದವನ್ನು 2005ರಲ್ಲಿ ಕೆನಡಾದ ಸುಪ್ರೀಂ ಕೋರ್ಟ್, 2010ರಲ್ಲಿ ಯುರೋಪಿನ ನ್ಯಾಯಾಲಯ ಒಪ್ಪಲಿಲ್ಲ. ಅದೇ ಅಳತೆಯ ಇಟ್ಟಿಗೆಯನ್ನು ತಮ್ಮ ಹೆಸರಿನಲ್ಲಿ ಬೇರೆಯವರೂ ಮಾಡಿ ಕಡಿಮೆ ಬೆಲೆಗೆ ಮಾರುತ್ತಾರೆ. ಕೊಳ್ಳುವಾಗ ಐ.ಎಸ್.ಐ. ಗುರುತು ನೋಡಿಕೊಳ್ಳಿ. 2021ರ ಜನವರಿಯಿಂದ ಆಟಿಕೆಗಳಿಗೆ ಅದು ಕಡ್ಡಾಯವಾಗಿದೆ.

ಇಟ್ಟಿಗೆಯೇ ಬೇಕೆಂಬ ಹಟವೂ ಇಲ್ಲ. ಟೆಲ್ಕೋದ ಎಂಜಿನಿಯರ್ ಕೆಲಸದಿಂದ ಹಳ್ಳಿಯ ವಿಜ್ಞಾನ ಶಿಕ್ಷಣದ ಕಡೆ ಬಂದ ಅರವಿಂದ ಗುಪ್ತಾ ಅವರು ಬೆಂಕಿಕಡ್ಡಿ ಮತ್ತು ಸೈಕಲ್ಲಿನ ವಾಲ್ವ್ ಟ್ಯೂಬಿನಿಂದ ಕಟ್ಟುವ ಆಟ ಕಲಿಸಿದರು. ನಮ್ಮ ದಂಟು ಮತ್ತು ಸಿಬಿರಿನ ವಿದ್ಯೆಗೆ ಅದು ಹತ್ತಿರದ ನೆಂಟ. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ಈಗ ನಮ್ಮ ಮಕ್ಕಳು ಕಟ್ಟುತ್ತಿರುವುದು ವೆರ್ಣಾ ನಿಲ್ದಾಣದ ರೋ-ರೋ ರೈಲನ್ನು. 1999ರ ಜನವರಿ 26ರಿಂದ ಕೊಂಕಣ ರೈಲ್ವೆ ಮಹಾರಾಷ್ಟ್ರದ ಕೋಲಾಡದಿಂದ ಇಲ್ಲಿಗೆ ಮಾಲು ತುಂಬಿದ ಲಾರಿಗಳನ್ನೇ ರೈಲಿನ ಮೇಲೆ ಹೇರಿ ತರತೊಡಗಿತು. 2025ರ ಚೌತಿಗೆ ಕಾರುಗಳನ್ನೂ ತಂದರು. ಲಾರಿ ತಾನಾಗಿಯೇ ವ್ಯಾಗನ್ ಹತ್ತಬೇಕೆಂದು ಹುಡುಗರ ಹಟ. ಕೆಟ್ಟ ಆಟಿಕೆಯಿಂದ ಬಿಚ್ಚಿದ ಮೋಟರು, ಎರಡು ಸೆಲ್ಲು, ಉದ್ದ ವಾಯರಿನ ತುದಿಗೆ ಒಂದು ಸ್ವಿಚ್ಚು. ಸ್ವಿಚ್ಚು ಆಚೆ ಒತ್ತಿದರೆ ಕರೆಂಟು ತಿರುವಾಗಿ ಲಾರಿ ಹಿಂದೆ ಬರುತ್ತದೆ. ವಾಯರಿದ್ದರೇನು, ಅದೂ ದೂರದಿಂದ ನಡೆಸುವ ಗಾಡಿಯೇ. ನೆಲದ ಮೇಲೆ ಚೆನ್ನಾಗಿ ಓಡುವ ಲಾರಿ ಹಲಗೆಯ ಏರು ಬಂದಕೂಡಲೇ ನಿಂತುಬಿಡುತ್ತದೆ. ಆರನೆಯ ಇಯತ್ತೆಯ ಒಬ್ಬಳು ಹುಡುಗಿ ಬಗ್ಗಿ ನೋಡಿ, "ಸರ್, ಇದು ಟಾಪ್ ಗೇರ್‌ನ್ಯಾಗ ಘಾಟಿ ಹತ್ತಾಕ ಹೊಂಟೈತ್ರಿ, ದೊಡ್ಡ ಹಲ್ಲಿನ ಗಾಲಿ ಬೇಕ್ರಿ" ಅಂದಳು. 24 ಹಲ್ಲಿನದು ಹಾಕಿಯಾಗಿದೆ, ಸಾಲಲಿಲ್ಲ. 40 ಹಲ್ಲಿನದು ನಮ್ಮ ಪೆಟ್ಟಿಗೆಯಲ್ಲಿಲ್ಲ. ಯಾರ ಮನೆಯ ಅಟ್ಟದಲ್ಲಾದರೂ ಹಳೆಯ ಸೆಟ್ಟಿನದು ಬಿದ್ದಿದ್ದರೆ ಮಕ್ಕಳ ಕೈಯಲ್ಲಿ ಕೊಟ್ಟು ಕಳಿಸಿ.