ನರವಹನ ಪರೀಕ್ಷೆ

ನರದಲ್ಲಿ ವಿದ್ಯುತ್ ಸಂಕೇತ ಎಷ್ಟು ವೇಗವಾಗಿ, ಎಷ್ಟು ಬಲವಾಗಿ ಸಾಗುತ್ತದೆ ಎಂದು ಅಳೆಯುವ ತಪಾಸಣೆ; ವೈದ್ಯರ ಚೀಟಿಯಲ್ಲಿ ‘ಎನ್‌ಸಿಎಸ್’ ಅಥವಾ ‘ಎನ್‌ಸಿವಿ’. ಕಡೂರು, ತರೀಕೆರೆ, ಅಜ್ಜಂಪುರದ ಕಡೆಯವರು ನರದ ತೊಂದರೆಗೆ ಶಿವಮೊಗ್ಗಕ್ಕೋ, ರೈಲು ಹತ್ತಿ ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಗೋ ಹೋಗುವುದುಂಟು.

ವರದಿಯಲ್ಲಿ ನೋಡಬೇಕಾದದ್ದು ಸಂಕೇತ ತಲುಪಲು ಹಿಡಿದ ಸಮಯ, ಅಲೆಯ ಎತ್ತರ, ವೇಗ. ವಯಸ್ಕರ ಕೈನರಗಳಲ್ಲಿ ವೇಗ ಸಾಮಾನ್ಯವಾಗಿ ಸೆಕೆಂಡಿಗೆ ಸುಮಾರು 50 ಮೀಟರ್ ಅಥವಾ ಹೆಚ್ಚು, ಕಾಲಿನಲ್ಲಿ ಸುಮಾರು 40 ಅಥವಾ ಹೆಚ್ಚು. ವೇಗ ತೀರಾ ಕುಸಿದಿದ್ದರೆ ನರದ ಹೊದಿಕೆಯಾದ ಮಯಲಿನ್ ಕೆಟ್ಟಿರುವ ಶಂಕೆ. ವೇಗ ಸರಿಯಿದ್ದು ಅಲೆ ಗಿಡ್ಡವಾಗಿದ್ದರೆ ನರತಂತುಗಳೇ ನಶಿಸಿರಬಹುದು. ಅಂಗೈಗೆ ಹೋಗುವ ಮೀಡಿಯನ್ ನರ ಮಣಿಕಟ್ಟಿನಲ್ಲಷ್ಟೇ ನಿಧಾನಿಸಿದರೆ ಅದು ಅಲ್ಲಿ ನರ ಒತ್ತಿಹೋಗುವ ಕಾರ್ಪಲ್ ಟನಲ್ ತೊಂದರೆ. ಕೈಕಾಲು ತಣ್ಣಗಿದ್ದರೂ ವೇಗ ತಗ್ಗುತ್ತದೆ. ಚಳಿಗಾಲದ ಮುಂಜಾನೆ ರೈಲಿಳಿದು ನೇರ ಬಂದವರ ಕೈಯನ್ನು ಮೊದಲು ಬೆಚ್ಚಗೆ ಮಾಡಬೇಕು.

‘ನಾರ್ಮಲ್’ ಎಂಬ ಷರಾ ರೋಗವಿಲ್ಲವೆಂಬ ಪ್ರಮಾಣಪತ್ರವಲ್ಲ. ಉರಿ, ನೋವು ಒಯ್ಯುವ ಅತಿಸಣ್ಣ ತಂತುಗಳನ್ನು ಈ ಪರೀಕ್ಷೆ ಅಳೆಯದು. ದೇಹದ ರಕ್ಷಣಾ ವ್ಯವಸ್ಥೆಯೇ ನರಗಳಿಗೆ ಹಾನಿ ಮಾಡುವ ಗಿಲ್ಲನ್-ಬಾರೆ ಕಾಯಿಲೆಯ ಮೊದಲ ವಾರದಲ್ಲೂ ಫಲಿತಾಂಶ ಸಹಜವಾಗಿರಬಹುದು. ಆಗ ಕೆಲವು ದಿನ ಬಿಟ್ಟು ಮತ್ತೆ ಮಾಡಿಸುತ್ತಾರೆ. ಸ್ನಾಯುವಿನ ಸ್ಥಿತಿ ತಿಳಿಯಲು ಸೂಜಿ ಚುಚ್ಚಿ ಮಾಡುವ ಇಎಂಜಿ ಬೇರೆಯೇ ಇದೆ.