ಹೃದಯ ಸ್ತಂಭನ: ರಕ್ತಪರೀಕ್ಷೆ ಹೇಳುವುದೆಷ್ಟು?

ಹೃದಯಾಘಾತ ಮತ್ತು ಹೃದಯ ಸ್ತಂಭನ ಒಂದೇ ಅಲ್ಲ. ಪತ್ರಿಕೆಗಳ ತಲೆಬರಹದಲ್ಲೂ ಇವೆರಡು ಅದಲುಬದಲಾಗುವುದುಂಟು. ಹೃದಯದ ಸ್ನಾಯುವಿಗೆ ರಕ್ತ ಒಯ್ಯುವ ನಾಳದಲ್ಲಿ ರಕ್ತ ಹೆಪ್ಪುಗಟ್ಟಿ, ಆ ಭಾಗದ ಸ್ನಾಯು ಸಾಯತೊಡಗುವುದು ಹೃದಯಾಘಾತ. ರಕ್ತ ಪಂಪ್ ಮಾಡುವ ಕೆಲಸವೇ ಹಠಾತ್ತನೆ ನಿಂತುಹೋಗುವುದು ಹೃದಯ ಸ್ತಂಭನ. ಹೃದಯಾಘಾತದಿಂದ ಸ್ತಂಭನ ಉಂಟಾಗಬಹುದು. ರಕ್ತದಲ್ಲಿ ಪೊಟ್ಯಾಸಿಯಂ ಏರುಪೇರಾದಾಗ, ಶ್ವಾಸಕೋಶದ ನಾಳ ಕಟ್ಟಿಕೊಂಡಾಗ, ವಿದ್ಯುತ್ ತಗುಲಿದಾಗಲೂ ಉಂಟಾಗಬಹುದು. ಬದುಕುಳಿದ ರೋಗಿಗೆ ಆದದ್ದೇನು ಎಂದು ತಿಳಿಯಲು ವೈದ್ಯರು ಮಾಡಿಸುವ ಪರೀಕ್ಷೆಗಳಲ್ಲಿ ಟ್ರೋಪೋನಿನ್ ಮುಖ್ಯವಾದುದು.

ಟ್ರೋಪೋನಿನ್ ಹೃದಯದ ಸ್ನಾಯು ಕುಗ್ಗಿ ಹಿಗ್ಗುವುದನ್ನು ನಿಯಂತ್ರಿಸುವ ಪ್ರೋಟೀನು. ಸ್ನಾಯುಕೋಶಕ್ಕೆ ಪೆಟ್ಟಾದಾಗ ಅದು ರಕ್ತಕ್ಕೆ ಸೋರುತ್ತದೆ. ಸಾಮಾನ್ಯ ಪರೀಕ್ಷೆಯಲ್ಲಿ ಈ ಏರಿಕೆ ಕಾಣಲು ಮೂರರಿಂದ ಆರು ಗಂಟೆ ಬೇಕು. ಏರಿದ ಮಟ್ಟ ಇಳಿಯಲು ವಾರಕ್ಕೂ ಹೆಚ್ಚು ಕಾಲ ಹಿಡಿಯಬಹುದು. ಹಳೆಯ ಸಿಕೆ-ಎಂಬಿ ಪರೀಕ್ಷೆಯ ಮಟ್ಟವಾದರೋ ಎರಡು ಮೂರು ದಿನಗಳಲ್ಲಿ ಸಹಜಕ್ಕೆ ಮರಳುತ್ತದೆ. ಆದ್ದರಿಂದ ಎದೆನೋವು ಶುರುವಾದ ಅರ್ಧ ಗಂಟೆಯಲ್ಲಿ ತೆಗೆದ ರಕ್ತದಲ್ಲಿ ಟ್ರೋಪೋನಿನ್ ಇಲ್ಲವೆಂದು ನೆಮ್ಮದಿಯಿಂದ ಮನೆಗೆ ಹೋಗುವಂತಿಲ್ಲ. ಪರೀಕ್ಷೆಯನ್ನು ಕೆಲವು ಗಂಟೆಗಳ ನಂತರ ಮತ್ತೆ ಮಾಡಿ, ಅಂಕಿ ಏರುತ್ತಿದೆಯೇ ಎಂದು ನೋಡಬೇಕು.

ವರದಿ ಓದುವಾಗ ಇನ್ನೊಂದು ಎಚ್ಚರಿಕೆ ಅಗತ್ಯ. ಒಂದು ಪ್ರಯೋಗಾಲಯ ಮಿಲಿಲೀಟರ್ ಲೆಕ್ಕದಲ್ಲಿ, ಇನ್ನೊಂದು ಲೀಟರ್ ಲೆಕ್ಕದಲ್ಲಿ ಅಂಕಿ ಕೊಡುತ್ತದೆ. ಮಿಲಿಲೀಟರಿಗೆ 0.014 ನ್ಯಾನೊಗ್ರಾಂ ಎಂದರೂ ಲೀಟರಿಗೆ 14 ನ್ಯಾನೊಗ್ರಾಂ ಎಂದರೂ ಒಂದೇ. ಗುಬ್ಬಿಯ ವರದಿಯನ್ನು ತುಮಕೂರಿನ ವರದಿಯ ಪಕ್ಕದಲ್ಲಿಟ್ಟು ಸಾವಿರ ಪಟ್ಟು ಏರಿತೆಂದು ಕುಟುಂಬದವರು ಗಾಬರಿಯಾಗುವ ಮೊದಲು ಮಾನವನ್ನೂ, ಟ್ರೋಪೋನಿನ್ 'ಐ' ಅಥವಾ 'ಟಿ' ಎಂಬುದನ್ನೂ ಗಮನಿಸಬೇಕು. ಈ ಎರಡು ಬಗೆಯ ಅಂಕಿಗಳನ್ನು ಪರಸ್ಪರ ಹೋಲಿಸಲಾಗದು.

ಸ್ತಂಭನದ ರೋಗಿಯಲ್ಲಿ ತೊಡಕು ಇನ್ನೂ ಹೆಚ್ಚು. ನಿಂತ ಹೃದಯಕ್ಕೆ ಆಮ್ಲಜನಕವಿಲ್ಲ. ಮೇಲಾಗಿ ಎದೆ ಒತ್ತಿದ್ದು, ವಿದ್ಯುತ್ ಆಘಾತ ಕೊಟ್ಟದ್ದು ಎಲ್ಲವೂ ಸ್ನಾಯುವನ್ನು ನೋಯಿಸಿರುತ್ತವೆ. ನಾಳಗಳು ಶುದ್ಧವಾಗಿದ್ದರೂ ಟ್ರೋಪೋನಿನ್ ಏರಿಯೇ ಇರುತ್ತದೆ. ಮೂತ್ರಪಿಂಡದ ಕಾಯಿಲೆ, ತೀವ್ರ ಸೋಂಕು ಇದ್ದವರಲ್ಲೂ ಹಾಗೆಯೇ. ಅಂಕಿಯೊಂದನ್ನೇ ನೋಡಿ ನಾಳ ಕಟ್ಟಿದೆ ಎಂದು ತೀರ್ಮಾನಿಸಲಾಗದು.

ನಿರ್ಧಾರಕ್ಕೆ ಮೊದಲ ಆಧಾರ ಇಸಿಜಿ. ಹೃದಯ ಮರಳಿ ಬಡಿಯತೊಡಗಿದ ಮೊದಲ ಕೆಲವು ನಿಮಿಷಗಳಲ್ಲಿ ತೆಗೆದ ಇಸಿಜಿಯೂ ದಾರಿ ತಪ್ಪಿಸಬಹುದು. ಎಂಟು ನಿಮಿಷ ಕಳೆದ ಮೇಲಿನದು ಹೆಚ್ಚು ನಂಬಲರ್ಹ. ಅದರಲ್ಲಿ ನಾಳ ಕಟ್ಟಿದ ಸ್ಪಷ್ಟ ಸೂಚನೆಯಿದ್ದರೆ ರಕ್ತದ ವರದಿಗೆ ಕಾಯಬಾರದು. ಗುಬ್ಬಿಯಿಂದ ತುಮಕೂರಿಗೆ ಸುಮಾರು 20 ಕಿ.ಮೀ., ಕುಣಿಗಲ್‌ನಿಂದ ಬೆಂಗಳೂರಿಗೆ ಸುಮಾರು 70 ಕಿ.ಮೀ. ವರದಿಗಾಗಿ ಕಾದ ಒಂದು ಗಂಟೆ ಈ ದಾರಿಯ ಮೇಲೆ ಸೇರಿಕೊಳ್ಳುತ್ತದೆ. 2021ರ ಅಕ್ಟೋಬರ್ 29ರಂದು ನಿಧನರಾದ ನಟ ಪುನೀತ್ ರಾಜ್‌ಕುಮಾರ್ ಅವರ ಹೆಸರಿನಲ್ಲಿ ರಾಜ್ಯ ಸರ್ಕಾರ ತಂದ 'ಹೃದಯ ಜ್ಯೋತಿ' ಯೋಜನೆಯ ತಳಹದಿಯೂ ಇದೇ: ಸ್ಥಳೀಯ ಸರ್ಕಾರಿ ಆಸ್ಪತ್ರೆಯಲ್ಲಿ ಇಸಿಜಿ ತೆಗೆದು, ತಜ್ಞರಿಗೆ ರವಾನಿಸಿ, ಅಗತ್ಯವಿದ್ದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲಿಯೇ ಉಚಿತವಾಗಿ ಕೊಡುವುದು. ಆದರೆ ಬಹಳ ಹೊತ್ತು ಎದೆ ಒತ್ತಿದ ರೋಗಿಗೆ ಈ ಮದ್ದಿನಿಂದ ರಕ್ತಸ್ರಾವದ ಅಪಾಯವುಂಟು. ಅಲ್ಲಿ ವೈದ್ಯರು ಹಿಂಜರಿದರೆ ಅದು ಉಪೇಕ್ಷೆಯಲ್ಲ.

ತೀವ್ರ ನಿಗಾ ಘಟಕದ ಹೊರಗೆ ಕುಳಿತವರು ಕೇಳುವ ಪ್ರಶ್ನೆ ಮಾತ್ರ ಬೇರೆ: ಎಚ್ಚರವಾಗುತ್ತಾರೆಯೇ? ಟ್ರೋಪೋನಿನ್‌ಗೆ ಇದರ ಉತ್ತರ ಗೊತ್ತಿಲ್ಲ. ಮೆದುಳಿನ ಹಾನಿಯನ್ನು ಸೂಚಿಸುವುದು ಎನ್‌ಎಸ್‌ಇ ಎಂಬ ಕಿಣ್ವ. 48 ಮತ್ತು 72 ಗಂಟೆಗಳಲ್ಲಿ ಅದು ಲೀಟರಿಗೆ 60 ಮೈಕ್ರೊಗ್ರಾಂ ಮೀರಿದ್ದರೆ ಚೇತರಿಕೆಯ ಸಾಧ್ಯತೆ ಕ್ಷೀಣ ಎಂದು ಯುರೋಪಿನ 2021ರ ಮಾರ್ಗಸೂಚಿ ಹೇಳುತ್ತದೆ. ಈ ಕಿಣ್ವ ಕೆಂಪು ರಕ್ತಕಣಗಳಲ್ಲೂ ಇರುವುದರಿಂದ, ರಕ್ತ ತೆಗೆಯುವಾಗ ಕಣಗಳು ಒಡೆದರೆ ಅಂಕಿ ಸುಳ್ಳಾಗಿ ಏರುತ್ತದೆ. ಕಣ್ಣಿನ ಪಾಪೆಯ ಸ್ಪಂದನ, ಇಇಜಿ, ಸ್ಕ್ಯಾನ್ ಇವುಗಳ ಜೊತೆಗಿಟ್ಟು ನೋಡದೆ, ಈ ಒಂದು ವರದಿಯ ಮೇಲೆ ಯಾರ ಚಿಕಿತ್ಸೆಯನ್ನೂ ನಿಲ್ಲಿಸುವಂತಿಲ್ಲ.