ಖರ್ಚಿನ ಲೆಕ್ಕ ಗೆದ್ದಿತು, ಬಾಡಿಗೆಯ ಲೆಕ್ಕ ಸೋತಿತು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ. ಚದರಕ್ಕೆ ಇಷ್ಟು ಎಂದು ಮೇಸ್ತ್ರಿ ಹೇಳಿದ ಲೆಕ್ಕ ಗಿಲಾವಿನ ಹೊತ್ತಿಗೆ ಎಲ್ಲಿಗೋ ಹೋಗಿ ನಿಂತಿರುತ್ತದೆ.

ಈ ಸಂಕಟ ಬಹಳ ಹಳೆಯದು. ಎರಡು ಸಾವಿರ ವರ್ಷಗಳ ಹಿಂದೆ ರೋಮಿನ ವಾಸ್ತುಶಿಲ್ಪಿ ವಿಟ್ರೂವಿಯಸ್ ತನ್ನ ಗ್ರಂಥದ 10ನೇ ಭಾಗವನ್ನು ಈ ವಿಷಯದಿಂದಲೇ ಆರಂಭಿಸುತ್ತಾನೆ. ಗ್ರೀಕರ ಎಫೆಸಸ್ ನಗರದಲ್ಲಿ ಒಂದು ಕಟ್ಟುನಿಟ್ಟಿನ ಕಾನೂನಿತ್ತಂತೆ. ಸಾರ್ವಜನಿಕ ಕಟ್ಟಡದ ಕೆಲಸ ಹಿಡಿಯುವ ಶಿಲ್ಪಿ ಮೊದಲೇ ಖರ್ಚು ಎಷ್ಟೆಂದು ಹೇಳಬೇಕು, ಕೆಲಸ ಮುಗಿಯುವವರೆಗೆ ತನ್ನ ಆಸ್ತಿಯನ್ನು ಅಧಿಕಾರಿಗಳಲ್ಲಿ ಒತ್ತೆ ಇಡಬೇಕು. ಹೇಳಿದಷ್ಟರಲ್ಲೇ ಮುಗಿಸಿದರೆ ಸನ್ಮಾನ. ಕಾಲು ಭಾಗದವರೆಗೆ ಹೆಚ್ಚಾದರೆ ಖಜಾನೆಯೇ ಭರಿಸುತ್ತದೆ. ಅದನ್ನೂ ಮೀರಿದರೆ ಶಿಲ್ಪಿಯ ಆಸ್ತಿಗೇ ಕೈ! ರೋಮಿನಲ್ಲಿ ಇಂಥ ಕಾನೂನು ಇಲ್ಲವಲ್ಲ ಎಂದು ವಿಟ್ರೂವಿಯಸ್ ಹಲುಬಿದ್ದಾನೆ.

ಬಾಡಿಗೆಗಾಗಿಯೇ ಕಟ್ಟುವ ವಾಣಿಜ್ಯ ಕಟ್ಟಡಗಳಿಗೆ ಇಂಥ ಕಾನೂನಿನ ಅಗತ್ಯ ಅಷ್ಟಾಗಿ ಇಲ್ಲ. ಅಲ್ಲಿ ಸಾಲ ಕೊಟ್ಟವರೇ ಕಾನೂನು. ಅಂದಾಜನ್ನು ಎಷ್ಟು ಬಿಗಿಯಾಗಿ ಹಿಡಿಯಬಹುದು ಎಂಬುದಕ್ಕೆ ನ್ಯೂಯಾರ್ಕಿನ ಎಂಪೈರ್ ಸ್ಟೇಟ್ ಕಟ್ಟಡಕ್ಕಿಂತ ಒಳ್ಳೆಯ ನಿದರ್ಶನ ಸಿಗಲಾರದು.

ಜನರಲ್ ಮೋಟಾರ್ಸ್‌ನ ಹಣಕಾಸು ನೋಡಿಕೊಂಡಿದ್ದ ಜಾನ್ ರಾಸ್ಕೋಬ್ ಮತ್ತು 1928ರ ಅಧ್ಯಕ್ಷೀಯ ಚುನಾವಣೆಯಲ್ಲಿ ಸೋತಿದ್ದ ಮಾಜಿ ಗವರ್ನರ್ ಆಲ್ ಸ್ಮಿತ್ 1929ರಲ್ಲಿ ಈ ಸಾಹಸಕ್ಕೆ ಇಳಿದರು. ನೆಲವೂ ಸೇರಿ ಅಂದಾಜು ವೆಚ್ಚ 5 ಕೋಟಿ ಡಾಲರ್. ವಾಸ್ತುಶಿಲ್ಪಿ ವಿಲಿಯಂ ಲ್ಯಾಂಬ್ ಕೈಗೆ ಬಂದದ್ದು ಚಿತ್ರವಲ್ಲ, ಷರತ್ತುಗಳು. ಬಜೆಟ್ ನಿಗದಿಯಾಗಿದೆ, ಕಿಟಕಿಯಿಂದ ಓಣಿಯವರೆಗೆ ಯಾವ ಜಾಗವೂ 28 ಅಡಿಗಿಂತ ಆಳವಿರಬಾರದು, ಅಂಥ ಮಹಡಿಗಳು ಆದಷ್ಟೂ ಹೆಚ್ಚಿರಬೇಕು, 1931ರ ಮೇ 1ಕ್ಕೆ ಮುಗಿಯಬೇಕು. ಕತ್ತಲೆಯ ಒಳಕೋಣೆಗೆ ಒಳ್ಳೆಯ ಬಾಡಿಗೆ ಬರುವುದಿಲ್ಲ ಎಂಬುದೇ 28 ಅಡಿಯ ಗುಟ್ಟು. ಕಟ್ಟಡದ ಆಕಾರ ಹುಟ್ಟಿದ್ದೇ ಈ ಲೆಕ್ಕದಿಂದ.

ಲ್ಯಾಂಬ್ ಉಳಿಸಿದ್ದು ಸಣ್ಣಸಣ್ಣ ಕಡೆ. ಕಿಟಕಿಗಳ ಪಕ್ಕ ಉದ್ದುದ್ದ ಲೋಹದ ಪಟ್ಟಿಗಳನ್ನು ಇಳಿಬಿಟ್ಟರು. ಅವು ಕಲ್ಲಿನ ಒರಟು ಅಂಚನ್ನು ಮುಚ್ಚಿದ್ದರಿಂದ, ನಿವೇಶನದಲ್ಲಿ ಕಲ್ಲುಕುಟಿಗರು ಕೂತು ಒಂದೊಂದು ಕಲ್ಲನ್ನೂ ನಯಗೊಳಿಸುವ ಕೂಲಿ ಉಳಿಯಿತು.

ಗುತ್ತಿಗೆದಾರರಾದ ಸ್ಟಾರೆಟ್ ಬ್ರದರ್ಸ್ ಅಂಡ್ ಈಕನ್ ಇನ್ನೂ ಜಾಣರು. ಹಳೆಯ ಯಂತ್ರಗಳನ್ನು ಬಾಡಿಗೆಗೆ ತರುವ ಬದಲು ಈ ಕೆಲಸಕ್ಕೆಂದೇ ಹೊಸದನ್ನು ಕೊಂಡು, ಮುಗಿದ ಮೇಲೆ ಮಾರಿ, ಬಂದ ಹಣವನ್ನು ಮಾಲೀಕರ ಲೆಕ್ಕಕ್ಕೆ ಜಮಾ ಮಾಡುವುದು ಅಗ್ಗ ಎಂದು ಅವರು ವಾದಿಸಿದರು. ಕಟ್ಟಡಕ್ಕೆ ಬೇಕಾಗಿದ್ದ ಇಟ್ಟಿಗೆ ಒಂದು ಕೋಟಿ. ಲಾರಿಗಳು ಅದನ್ನು ಬೀದಿಯಲ್ಲಿ ರಾಶಿ ಹಾಕಲಿಲ್ಲ. ನೇರ ನೆಲಮಾಳಿಗೆಯ ತೊಟ್ಟಿಗೆ ಸುರಿದವು. ಅಲ್ಲಿಂದ ಪುಟ್ಟ ಗಾಡಿಗಳು ಲಿಫ್ಟ್ ಏರಿ, ಪ್ರತಿ ಮಹಡಿಯಲ್ಲೂ ಹಾಸಿದ್ದ ಹಳಿಯ ಮೇಲೆ ಗಾರೆಯವನ ಕೈಗೇ ತಲುಪುತ್ತಿದ್ದವು. ಊಟಕ್ಕೆ ಕೆಳಗಿಳಿದರೆ ಹೊತ್ತು ಹಾಳೆಂದು ಮೇಲಿನ ಮಹಡಿಗಳಲ್ಲೇ ಕ್ಯಾಂಟೀನ್ ತೆರೆದರು. ಕೆಲಸ ಜೋರಾಗಿದ್ದಾಗ ದಿನಕ್ಕೆ 3,400ಕ್ಕೂ ಹೆಚ್ಚು ಮಂದಿ ದುಡಿಯುತ್ತಿದ್ದರು ಎಂದರೆ ಅರ್ಧ ಗಂಟೆಯ ಬೆಲೆ ಊಹಿಸಿಕೊಳ್ಳಬಹುದು.

ಹೇಳಿದ ದಿನಕ್ಕೇ, 1931ರ ಮೇ 1ರಂದು, ಕಟ್ಟಡ ತೆರೆಯಿತು. ನೆಲದ ಬೆಲೆಯೂ ಸೇರಿ ಆದ ಖರ್ಚು ಸುಮಾರು 4 ಕೋಟಿ 10 ಲಕ್ಷ ಡಾಲರ್. ಅದರಲ್ಲಿ ಕಟ್ಟಡದ್ದು 2 ಕೋಟಿ 47 ಲಕ್ಷ. ಅಂದಾಜಿಗಿಂತ ಸುಮಾರು 90 ಲಕ್ಷ ಕಡಿಮೆ!

ಆದರೆ ಈ ಹೆಗ್ಗಳಿಕೆಯಲ್ಲಿ ದೊಡ್ಡ ಪಾಲು ಆರ್ಥಿಕ ಮುಗ್ಗಟ್ಟಿಗೆ ಸಲ್ಲಬೇಕು. 1929ರ ಅಕ್ಟೋಬರಿನಲ್ಲಿ ಷೇರುಪೇಟೆ ಕುಸಿದ ಮೇಲೆ ಕೂಲಿಯೂ ಸಾಮಗ್ರಿಯ ಬೆಲೆಯೂ ಇಳಿದಿದ್ದವು. ಖರ್ಚನ್ನು ಇಳಿಸಿದ ಅದೇ ಮುಗ್ಗಟ್ಟು ಬಾಡಿಗೆದಾರರನ್ನೂ ಓಡಿಸಿತು. ತೆರೆದಾಗ ಭರ್ತಿಯಾಗಿದ್ದುದು ಸುಮಾರು ಕಾಲು ಭಾಗ. ಊರಿನ ಕುಚೋದ್ಯಗಾರರು ಇದನ್ನು 'ಎಂಪ್ಟಿ ಸ್ಟೇಟ್ ಬಿಲ್ಡಿಂಗ್', ಅಂದರೆ ಖಾಲಿ ಕಟ್ಟಡ, ಎಂದು ಕರೆದರು.

ಎಚ್ಚರಿಕೆ ಇರಲಿಲ್ಲವೆಂದಲ್ಲ. ಕ್ಲಾರ್ಕ್ ಮತ್ತು ಕಿಂಗ್ಸ್‌ಟನ್ ಎಂಬಿಬ್ಬರು 1930ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ನ್ಯೂಯಾರ್ಕಿನ ದುಬಾರಿ ನೆಲದಲ್ಲೂ 63 ಮಹಡಿಗೇ ಲಾಭ ತುತ್ತತುದಿ ಮುಟ್ಟುತ್ತದೆ ಎಂದು ಲೆಕ್ಕ ಹಾಕಿತ್ತು. ಎತ್ತರ ಹೆಚ್ಚಿದಂತೆ ಲಿಫ್ಟುಗಳೂ ಹೆಚ್ಚಬೇಕು. ಅವು ಕೆಳಗಿನ ಮಹಡಿಗಳ ಬಾಡಿಗೆ ಜಾಗವನ್ನು ನುಂಗುತ್ತವೆ. ಎಂಪೈರ್ ಸ್ಟೇಟ್‌ನಲ್ಲಿ ಕಚೇರಿ ಮಹಡಿಗಳೇ 85. ಅದರ ಮೇಲೆ, ಕ್ರೈಸ್ಲರ್ ಕಟ್ಟಡವನ್ನು ಮೀರಿಸುವ ಹಟಕ್ಕೆ, ವಾಯುನೌಕೆ ಕಟ್ಟುವ ನೆಪದಲ್ಲಿ 200 ಅಡಿಯ ಕಂಬ ಬೇರೆ. ಪೈಸೆ ಪೈಸೆ ಲೆಕ್ಕ ನೋಡಿದವರೇ ಇಲ್ಲಿ ಮಾತ್ರ ಕೈ ಬಿಚ್ಚಿದ್ದು ವಿಚಿತ್ರ.

ವಾಯುನೌಕೆಗಳು ಅಲ್ಲಿ ತಂಗಲೇ ಇಲ್ಲ. ಕಟ್ಟಡವನ್ನು ಕಾಪಾಡಿದ್ದು ಯಾರ ಅಂದಾಜಿನಲ್ಲೂ ಮುಖ್ಯವಾಗಿರದಿದ್ದ ಬಾಬತ್ತು: ಮೇಲೇರಿ ನಗರ ನೋಡಲು ಬಂದವರ ಟಿಕೆಟ್ ಹಣ. ಮೊದಲ ವರ್ಷ ಅದು ಬಾಡಿಗೆಯ ಆದಾಯಕ್ಕೆ ಸರಿಸಮವಾಗಿತ್ತು. ಕಟ್ಟಡ ಲಾಭ ಕಾಣಲು 1950ರ ದಶಕ ಬರಬೇಕಾಯಿತು. ರಾಸ್ಕೋಬ್ 1950ರಲ್ಲಿ ತೀರಿಕೊಂಡರು. ಮರುವರ್ಷವೇ ಕಟ್ಟಡ ಪರರ ಪಾಲಾಯಿತು.